ಬೊಂಬೆ ಇಟ್ಟು ಕೇಸ್ ಹೇಳಿ

ಕೌನ್ಸೆಲರ್‌ಗಳು ಬರೆದು ತರುವ ಕೇಸ್ ರಿಪೋರ್ಟುಗಳನ್ನು ಓದುತ್ತಾ ಕೂತರೆ ಕಣ್ಣು ಎಳೆಯುತ್ತದೆ. ವಯಸ್ಸು, ಓದು, ಮನೆಯಲ್ಲಿ ಯಾರ್ಯಾರು, ಯಾಕೆ ಬಂದರು, ಎಷ್ಟನೇ ಸೆಷನ್. ಕೆಳಗೆ "ರ‍್ಯಾಪೋ ಬೆಳೆದಿದೆ", "ಕ್ಲೈಂಟ್ ಸಹಕರಿಸಿದರು", "ಕೋಪಿಂಗ್ ಸ್ಕಿಲ್ಸ್ ಚರ್ಚಿಸಲಾಯಿತು". ತಪ್ಪೇನೂ ಇಲ್ಲ. ಹೀಗೇ ಬರೆಯಬೇಕು ಅಂತ ಕ್ಲಾಸಿನಲ್ಲಿ ಕಲಿಸಿರುತ್ತಾರೆ. ಆದರೆ ಪೂರ್ತಿ ಓದಿದ ಮೇಲೂ ಕ್ಲೈಂಟ್ ಹೇಗಿದ್ದಾನೆ ಅನ್ನೋದು ಕಣ್ಣಿಗೆ ಕಟ್ಟುವುದಿಲ್ಲ. ಕೌನ್ಸೆಲರ್ ಅಂತೂ ಆ ರಿಪೋರ್ಟಿನಲ್ಲಿ ಇರುವುದೇ ಇಲ್ಲ. "ಅವನ ಎದುರು ಕೂತಾಗ ನಿಮಗೆ ಹೇಗಿತ್ತು?" ಅಂತ ಕೇಳಿ ನೋಡಿ. "ನಾರ್ಮಲ್ ಮೇಡಂ" ಅನ್ನುತ್ತಾರೆ.

ಈ ಉತ್ತರ ಬಂದಾಗ ನಾನು ಎದ್ದು ಬೀರು ತೆಗೆಯುತ್ತೇನೆ. ಅದರಲ್ಲಿ ದೊಡ್ಡ ಹಾಳೆಗಳಿವೆ, ಆಯಿಲ್ ಪೇಸ್ಟಲ್ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಜೇಡಿಮಣ್ಣಿದೆ. ಜೊತೆಗೆ ಬಿಸ್ಕೆಟ್ ಡಬ್ಬಿ ತುಂಬ ಬೊಂಬೆ.

ನಾನಿರುವುದು ಮೈಸೂರಿನಲ್ಲಿ. ನಮ್ಮ ಮನೆ ಮಹಡಿ ಮೇಲಿನ ರೂಮಿನಲ್ಲಿ ತಿಂಗಳಿಗೊಮ್ಮೆ ಕೌನ್ಸೆಲರ್‌ಗಳ ಒಂದು ಸಣ್ಣ ಗುಂಪು ಸೇರುತ್ತದೆ. ಕಾಲೇಜಿನಲ್ಲಿ ಕೆಲಸ ಮಾಡುವವರಿದ್ದಾರೆ, ಶಾಲೆಯವರಿದ್ದಾರೆ. ಒಬ್ಬರು ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾರೆ, ಇನ್ನೊಬ್ಬರು ಕಷ್ಟದಲ್ಲಿರುವ ಹೆಂಗಸರ ಕೇಂದ್ರದಲ್ಲಿ. ತಮ್ಮ ತಮ್ಮ ಕೇಸುಗಳನ್ನು ತಂದು ಮುಂದಿಡುತ್ತಾರೆ, ಎಲ್ಲರೂ ಸೇರಿ ನೋಡುತ್ತೇವೆ. ಇದಕ್ಕೆ ಸೂಪರ್‌ವಿಷನ್ ಅನ್ನುತ್ತಾರೆ. ಹೊರದೇಶಗಳಲ್ಲಿ ಇದು ಕೆಲಸದ ಭಾಗ. ನಮ್ಮಲ್ಲಿ ಬಹಳ ಜನಕ್ಕೆ ಇದು ಸ್ವಂತ ಜೇಬಿನ ಖರ್ಚು. ಅದಕ್ಕೇ ರಜಾ ದಿನ ಬಸ್ ಹತ್ತಿ ಬರುವವರ ಬಗ್ಗೆ ನನಗೆ ಗೌರವ ಜಾಸ್ತಿ.

ಇಂಗ್ಲೆಂಡಿನ ಬ್ರಿಜಿಡ್ ಪ್ರಾಕ್ಟರ್ ಅನ್ನುವವರು ಸೂಪರ್‌ವಿಷನ್‌ಗೆ ಮೂರು ಕೆಲಸ ಇದೆ ಅಂದರು. ಕಲಿಸುವುದು ಒಂದು. ಕೆಲಸ ನೀತಿಬದ್ಧವಾಗಿ, ಸರಿಯಾಗಿ ನಡೀತಿದೆಯಾ ಅಂತ ನೋಡುವುದು ಎರಡು. ಕೌನ್ಸೆಲರ್ ಮನಸ್ಸಿಗೆ ಮತ್ತೆ ಶಕ್ತಿ ತುಂಬುವುದು ಮೂರು. ಮೊದಲ ಎರಡಕ್ಕೆ ಮಾತು ಸಾಕಾಗುತ್ತದೆ. ಮೂರನೆಯದಕ್ಕೆ ಬಂದಾಗ ಮಾತು ಕೈಕೊಡುತ್ತದೆ. ಇಡೀ ದಿನ ಮಾತು ಕೇಳಿ ಕೇಳಿ ಸುಸ್ತಾದವರಿಗೆ ಇನ್ನಷ್ಟು ಮಾತು ಕೊಟ್ಟರೆ ಏನು ಪ್ರಯೋಜನ?

ಮುಂದೆ ಬರುವ ಕೇಸುಗಳಲ್ಲಿ ಎರಡು ಮೂರು ಕೇಸು ಕಲಸಿದ್ದೇನೆ. ವಯಸ್ಸು, ಊರು, ಸಂಬಂಧ ಎಲ್ಲ ಬದಲಾಯಿಸಿದ್ದೇನೆ. ಇದು ನಮ್ಮ ಕ್ಲೈಂಟ್ ಅಲ್ವಾ ಅಂತ ಯಾರೂ ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ.

ಮೊದಲು ಬೊಂಬೆ ಡಬ್ಬಿಯ ಕತೆ. ಮೈಸೂರಿನ ಮನೆ ಅಂದ ಮೇಲೆ ದಸರಾ ಬೊಂಬೆ ಇದ್ದೇ ಇರುತ್ತದೆ. ವರ್ಷ ವರ್ಷ ಒಂದಲ್ಲ ಒಂದರ ಮೂಗು ಹೋಗುತ್ತದೆ, ಕೈ ಮುರಿಯುತ್ತದೆ. ಹಾಗೆ ಮೆಟ್ಟಿಲಿನಿಂದ ರಿಟೈರ್ ಆದವೆಲ್ಲ ಈ ಡಬ್ಬಿಗೆ ಬರುತ್ತವೆ. ಕಾಳುಕಡ್ಡಿ ಗುಡ್ಡೆ ಹಾಕಿಕೊಂಡು ಕೂತ ಶೆಟ್ಟಮ್ಮ ಇದ್ದಾಳೆ, ಶೆಟ್ಟರು ಒಡೆದು ಹೋದರು. ಒಬ್ಬ ಪೊಲೀಸ್ ಇದ್ದಾನೆ, ಮದುವೆ ಬ್ಯಾಂಡಿನವರಲ್ಲಿ ಇಬ್ಬರು ಉಳಿದಿದ್ದಾರೆ. ಚನ್ನಪಟ್ಟಣದ ಮರದ ಆನೆ, ರೈಲು, ತಲೆಯಾಡಿಸುವ ಅಜ್ಜ ಎಲ್ಲ ಇವೆ. ಪಟ್ಟದ ಬೊಂಬೆ ಮಾತ್ರ ಈ ಡಬ್ಬಿಗೆ ಇಳಿಯುವುದಿಲ್ಲ. ಅದು ಅತ್ತೆ ಕೊಟ್ಟಿದ್ದು. ಸೂಪರ್‌ವಿಷನ್ ಎಷ್ಟೇ ಮುಖ್ಯ ಆಗಲಿ, ಅದನ್ನು ಮುಟ್ಟಿದರೆ ಮನೆಯಲ್ಲಿ ರಾಮಾಯಣ.

ಬೊಂಬೆ ಇಟ್ಟು ಒಂದು ಲೋಕ ಕಟ್ಟುವುದು ನನ್ನ ತಲೆಯಿಂದ ಬಂದದ್ದಲ್ಲ. ಲಂಡನ್ನಿನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಅಂತ ಮಕ್ಕಳ ಡಾಕ್ಟರ್ ಇದ್ದರು. ಅವರು 1928ರಲ್ಲಿ ಮಕ್ಕಳಿಗಾಗಿ ಕ್ಲಿನಿಕ್ ತೆರೆದರು. ಅಲ್ಲಿ ಮರಳಿನ ತಟ್ಟೆ, ಒಂದು ಪೆಟ್ಟಿಗೆ ತುಂಬ ಸಣ್ಣ ಸಣ್ಣ ಸಾಮಾನು ಇಟ್ಟಿದ್ದರು. ಮಕ್ಕಳು ಮರಳಿನ ಮೇಲೆ ಆ ಸಾಮಾನು ಜೋಡಿಸಿ ಅದನ್ನು "ಲೋಕ" ಅಂತ ಕರೆಯಲು ಶುರು ಮಾಡಿದರು. ಹೆಸರು ಇಟ್ಟಿದ್ದು ಡಾಕ್ಟರಲ್ಲ, ಮಕ್ಕಳು. ಆಮೇಲೆ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಇದನ್ನು ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರ ದಾರಿಗೆ ಸೇರಿಸಿ ಸ್ಯಾಂಡ್‌ಪ್ಲೇ ಅಂತ ಬೆಳೆಸಿದರು. ಸ್ಯಾಂಡ್‌ಪ್ಲೇ ಥೆರಪಿಗೆ ದೊಡ್ಡ ತರಬೇತಿ ಬೇಕು. ನನ್ನದು ಅದಲ್ಲ. ನಾನು ಮರಳನ್ನೂ ಇಡುವುದಿಲ್ಲ. ಟೇಬಲ್ ಮೇಲೆ ಒಂದು ಟವೆಲ್ ಹಾಸುತ್ತೇನೆ, ಅಷ್ಟೇ.

ಕಾಲೇಜಿನ ಕೌನ್ಸೆಲರ್ ಒಬ್ಬರು ಒಂದು ಕೇಸ್ ತಂದಿದ್ದರು. ಮೊದಲ ವರ್ಷದ ಇಂಜಿನಿಯರಿಂಗ್ ಹುಡುಗ. ಕ್ಲಾಸಿಗೆ ಹೋಗುವುದಿಲ್ಲ, ರೂಮಿನಿಂದ ಆಚೆ ಬರುವುದಿಲ್ಲ. ತಾಯಿ ಊರಿನಿಂದ ಬಂದು ಮಗನನ್ನು ಕೈ ಹಿಡಿದು ಕರೆತಂದಿದ್ದಾರೆ. ರಿಪೋರ್ಟ್ ಅಚ್ಚುಕಟ್ಟಾಗಿತ್ತು. ಅವರು ಕೇಳಿದ ಪ್ರಶ್ನೆಯೂ ಅಚ್ಚುಕಟ್ಟು. "ಮೇಡಂ, ಅವನು ಮಾತೇ ಆಡಲ್ಲ. ಅವನನ್ನ ಮಾತಾಡಿಸೋಕೆ ಯಾವ ಟೆಕ್ನಿಕ್ ಬಳಸಲಿ?"

ನಾನು ಡಬ್ಬಿ ತಂದಿಟ್ಟೆ. "ಟೆಕ್ನಿಕ್ ಆಮೇಲೆ ನೋಡೋಣ. ಈ ಕೇಸಲ್ಲಿ ಇರೋರನ್ನೆಲ್ಲ ಇಲ್ಲಿ ಇಡಿ" ಅಂದೆ.

ಅವರು ಸ್ವಲ್ಪ ನಕ್ಕರು. ಎಲ್ಲರೂ ನಗುತ್ತಾರೆ ಮೊದಲು. ಆಮೇಲೆ ಕೈ ಹಾಕಿದರು. ಮಣ್ಣಿನ ಬೊಂಬೆಯ ಒಂದು ಗುಣ ನೋಡಿದ್ದೇನೆ. ಅದನ್ನು ಎತ್ತುವಾಗ ಒಡೆದೀತು ಅನ್ನುವ ಭಯಕ್ಕೆ ಕೈ ತಾನಾಗಿ ನಿಧಾನ ಆಗುತ್ತದೆ. ಕೈ ನಿಧಾನ ಆದರೆ ಮಾತೂ ನಿಧಾನ ಆಗುತ್ತದೆ. ತಾಯಿಗೆ ಆನೆ ಬಂತು, ಟವೆಲ್‌ನ ನಟ್ಟನಡುವೆ. ಹುಡುಗನಿಗೆ ಬ್ಯಾಂಡಿನವರಲ್ಲಿ ಒಬ್ಬ, ಕೈಯಲ್ಲಿ ಇರಬೇಕಾದ ಓಲಗ ಮುರಿದು ಹೋಗಿರುವವನು. ಅವನು ಟವೆಲ್ ಅಂಚಿಗೆ ಹೋದ. ತಂದೆಗೆ ತಲೆಯಾಡಿಸುವ ಅಜ್ಜ. ಹಾಸ್ಟೆಲ್ ವಾರ್ಡನ್‌ಗೆ ಪೊಲೀಸ್. "ಆಯ್ತು ಮೇಡಂ" ಅಂದರು.

"ನೀವೆಲ್ಲಿ?"

"ಅಯ್ಯೋ, ನಾನೂ ಇರಬೇಕಾ?"

ಇರಬೇಕು. ಹುಡುಕಿ ಹುಡುಕಿ ಶೆಟ್ಟಮ್ಮನನ್ನು ತೆಗೆದುಕೊಂಡರು. ಆನೆಯ ಮುಂದೆ, ಆನೆಗೆ ಮುಖ ಮಾಡಿ ಕೂರಿಸಿದರು. ಯಾಕೆ ಶೆಟ್ಟಮ್ಮ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. "ಬಂದೋರಿಗೆಲ್ಲ ಏನಾದ್ರೂ ಅಳೆದು ಕೊಡ್ತಾ ಕೂತಿರಬೇಕಲ್ಲ ಮೇಡಂ. ಪ್ರಿನ್ಸಿಪಾಲರಿಗೆ ರಿಪೋರ್ಟ್, ತಾಯಿಗೆ ಧೈರ್ಯ, ವಾರ್ಡನ್‌ಗೆ ಉತ್ತರ."

ಇಲ್ಲಿ ನಾನು ಮಾಡುವ ಕೆಲಸ ತುಂಬ ಕಡಿಮೆ. ಕೇಳುವ ಪ್ರಶ್ನೆಗಳೂ ಕಡಿಮೆ. ಯಾರು ಯಾರಿಗೆ ಹತ್ತಿರ? ಯಾರ ಮುಖ ಯಾವ ಕಡೆ? ಇವರಲ್ಲಿ ಒಬ್ಬರನ್ನ ಸರಿಸಬಹುದು ಅಂದರೆ ಯಾರನ್ನ ಸರಿಸ್ತೀರಿ? ಇದೆಲ್ಲ ಆದ ಮೇಲೆ ಒಂದು ಕೆಲಸ ಕೊಡುತ್ತೇನೆ. ಬಗ್ಗಿ, ಗಲ್ಲ ಟೇಬಲ್‌ಗೆ ತಾಗುವ ಹಾಗೆ ಇಟ್ಟು, ಕ್ಲೈಂಟ್ ಬೊಂಬೆ ಹಿಂದಿನಿಂದ ನೋಡಬೇಕು. ಆ ಬೊಂಬೆಗೆ ಏನು ಕಾಣುತ್ತದೋ ಅದನ್ನು ಹೇಳಬೇಕು.

ಅವರು ಕನ್ನಡಕ ತೆಗೆದಿಟ್ಟು ಬಗ್ಗಿದರು. ಹುಡುಗನ ಜಾಗದಿಂದ ನೋಡಿದರೆ ಮುಂದೆ ಇಡೀ ಆನೆ. ಆನೆಯ ಆಚೆ ಶೆಟ್ಟಮ್ಮನ ಸೆರಗಿನ ತುದಿ ಮಾತ್ರ. ಸ್ವಲ್ಪ ಹೊತ್ತು ಹಾಗೇ ಇದ್ದರು. "ಇವನಿಗೆ ನಾನು ಕಾಣ್ತಾನೇ ಇಲ್ಲ ಮೇಡಂ. ನಾನು ಅವರಮ್ಮನ ಕೌನ್ಸೆಲರ್ ಆಗಿಬಿಟ್ಟಿದೀನಿ" ಅಂದರು.

ಇದನ್ನು ನಾನೂ ಹೇಳಬಹುದಿತ್ತು. ರಿಪೋರ್ಟ್ ಗಮನವಿಟ್ಟು ಓದಿದರೆ ಸಿಗುತ್ತಿತ್ತು, ಪ್ರತಿ ಸೆಷನ್ನಿನಲ್ಲೂ ತಾಯಿ ಹೇಳಿದ್ದೇ ಜಾಸ್ತಿ ಇತ್ತು. ಆದರೆ ನಾನು ಹೇಳಿದ್ದರೆ ಅವರು "ಹೌದು ಮೇಡಂ" ಅಂತ ಬರೆದುಕೊಂಡು ಹೋಗುತ್ತಿದ್ದರು. ಮುಂದಿನ ಸಲ ಮತ್ತೆ ತಾಯಿಯೇ ಮೊದಲು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಟೇಬಲ್‌ಗೆ ಗಲ್ಲ ಇಟ್ಟು ತಾನೇ ಕಂಡದ್ದು ಅಷ್ಟು ಸುಲಭಕ್ಕೆ ಅಳಿಸಿ ಹೋಗುವುದಿಲ್ಲ. ಯಾವ ಟೆಕ್ನಿಕ್ ಅನ್ನುವ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು. ಮುಂದಿನ ವಾರ ಅವರು ತಾಯಿಯನ್ನು ಹೊರಗೆ ಕೂರಿಸಿ, ಹುಡುಗನ ಜೊತೆ ಒಬ್ಬರೇ ಮಾತಾಡಿದರು. ಇಲ್ಲಿ ಹೇಳಿದ್ದು ಅಮ್ಮನಿಗೆ, ವಾರ್ಡನ್‌ಗೆ ಹೋಗಲ್ಲ ಅಂತಲೂ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಬೇಕಾಗುತ್ತದೆ ಅಂತಲೂ ಮೊದಲೇ ಬಿಡಿಸಿ ಹೇಳಿದರು. ಇದು ಮೊದಲ ದಿನವೇ ಆಗಬೇಕಿದ್ದ ಕೆಲಸ ಅನ್ನೋದು ಅವರಿಗೂ ಗೊತ್ತಿತ್ತು. ಆನೆ ಅಡ್ಡ ನಿಂತಿತ್ತು.

ಸ್ಯಾಂಡ್‌ಪ್ಲೇಯಲ್ಲಿ ಕ್ಲೈಂಟ್ ಕಟ್ಟಿದ ಲೋಕವನ್ನು ಅವರ ಎದುರು ಕೆಡಿಸುವುದಿಲ್ಲ. ಅವರು ಹೋದ ಮೇಲೆ ಥೆರಪಿಸ್ಟ್ ತೆಗೆದಿಡುತ್ತಾರೆ. ನಾನು ಸೂಪರ್‌ವಿಷನ್‌ನಲ್ಲಿ ಉಲ್ಟಾ ಮಾಡುತ್ತೇನೆ. ಇಟ್ಟವರೇ ಒಂದೊಂದಾಗಿ ಎತ್ತಿಡಬೇಕು. ಇವರು ಇಲ್ಲಿಂದ ಬಸ್ ಹಿಡಿದು ಹೋಗಿ ನಾಳೆ ಬೆಳಗ್ಗೆ ಅದೇ ಹುಡುಗನನ್ನು ನೋಡಬೇಕಾದವರು. ಟವೆಲ್ ಖಾಲಿ ಆಗಿದ್ದನ್ನು ಕಣ್ಣಾರೆ ನೋಡಿ ಹೋಗಲಿ ಅಂತ.

ಇನ್ನು ಬಣ್ಣದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟಿದೆ. ಕಪ್ಪು ಬಳಸಿದರೆ ಡಿಪ್ರೆಶನ್, ಕೆಂಪು ಬಳಸಿದರೆ ಕೋಪ, ಮರಕ್ಕೆ ಬೇರು ಬರೆಯದಿದ್ದರೆ ಭದ್ರತೆ ಇಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಈ ಪಟ್ಟಿಯನ್ನು ಎಂಎ ಮುಗಿಸಿದವರೂ ನಂಬುತ್ತಾರೆ. ಮನೆ, ಮರ, ಮನುಷ್ಯ ಬರೆಸುವ ಪರೀಕ್ಷೆಯನ್ನು ಅಮೆರಿಕದ ಜಾನ್ ಬಕ್ 1948ರಲ್ಲಿ ತಂದರು. ಅದರ ಮೇಲೆ ತಕರಾರು ಆವತ್ತಿನಿಂದ ಇವತ್ತಿನವರೆಗೂ ಇದೆ. ನಮ್ಮ ಹುಡುಗರು ತಕರಾರು ಓದುವುದಿಲ್ಲ, ಅಂಕ ಬರುವ ಭಾಗ ಮಾತ್ರ ಓದುತ್ತಾರೆ. ಆಮೇಲೆ ಯಾರು ಮರ ಬರೆದರೂ ಸುಮ್ನೆ ನೋಡಲು ಆಗುವುದಿಲ್ಲ ಅವರಿಗೆ. ನಮ್ಮ ಗುಂಪಿನಲ್ಲಿ ಒಮ್ಮೆ ಒಬ್ಬರು ಇಡೀ ಹಾಳೆ ಕಪ್ಪು ಬಳಿದರು. ಪಕ್ಕದವರು ಗಾಬರಿ. ಕೇಳಿದರೆ, "ಬೇರೆ ಎಲ್ಲ ತುಂಡಾಗಿತ್ತು ಮೇಡಂ, ಕಪ್ಪು ಒಂದೇ ಉದ್ದ ಇತ್ತು" ಅಂದರು.

ಹಾಗಾಗಿ ನಮ್ಮ ರೂಮಿನಲ್ಲಿ ಒಂದು ಕಟ್ಟಳೆ. ಬರೆದವರು ಬಾಯಿ ಬಿಡುವವರೆಗೆ ಚಿತ್ರದ ಅರ್ಥ ಯಾರೂ ಹೇಳುವಂತಿಲ್ಲ. ಕಂಡದ್ದನ್ನು ಹೇಳಬಹುದು. "ಈ ಗೆರೆ ಹಾಳೆಯಿಂದ ಆಚೆ ಹೋಗಿದೆ", "ಇಲ್ಲಿ ಖಾಲಿ ಬಿಟ್ಟಿದ್ದೀರಿ", ಇಷ್ಟು. "ಇದು ನಿಮ್ಮ ಅಸಹಾಯಕತೆ" ಅಂದರೆ ನಾನು ತಡೆಯುತ್ತೇನೆ. ಕೌನ್ಸೆಲರ್ ಬರೆದ ಚಿತ್ರಕ್ಕೆ ಗುಂಪು ಅರ್ಥ ಹಚ್ಚಿದರೆ, ನಾಳೆ ಆ ಕೌನ್ಸೆಲರ್ ಹೋಗಿ ಕ್ಲೈಂಟಿಗೆ ಅದನ್ನೇ ಮಾಡುತ್ತಾರೆ.

ಕೌನ್ಸೆಲಿಂಗ್ ಓದಿದವರಿಗೆಲ್ಲ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಗೊತ್ತು. ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಸಹಾನುಭೂತಿ, ಪ್ರಾಮಾಣಿಕತೆ ಅಂತ ಹತ್ತು ಮಾರ್ಕ್ಸಿಗೆ ಬರೆದೇ ಇರುತ್ತಾರೆ. ಅವರ ಮಗಳು ನ್ಯಾಟಲಿ ರೋಜರ್ಸ್ ಬಗ್ಗೆ ಕೇಳಿದವರು ಕಡಿಮೆ. ಅಪ್ಪನ ದಾರಿಯಲ್ಲೇ ಹೊರಟು, ಬರೀ ಕುರ್ಚಿ ಮೇಲೆ ಕೂತು ಮಾತಾಡುವುದು ಸಾಲದು ಅಂದವರು. ಮೈ ಅಲ್ಲಾಡಿಸಿ, ಆಮೇಲೆ ಬಣ್ಣ ಹಚ್ಚಿ, ಆಮೇಲೆ ಬರೆಯಿರಿ, ಒಂದು ಇನ್ನೊಂದನ್ನು ಬಿಡಿಸುತ್ತದೆ ಅನ್ನೋದು ಅವರ ಮಾತಿನ ಸಾರ. ನನಗೆ ಇದು ಕೆಲಸದಲ್ಲಿ ನಿಜ ಅನ್ನಿಸಿದೆ. ಮಣ್ಣು ಮೆತ್ತಿದ ಮೇಲೆ ಐದು ಸಾಲು ಬರೆಯಿರಿ ಅಂದರೆ, ಬರುವ ಸಾಲುಗಳೇ ಬೇರೆ. "ಚರ್ಚಿಸಲಾಯಿತು" ಅನ್ನುವ ಪದ ಅಲ್ಲಿ ಬರುವುದಿಲ್ಲ.

ಆದರೆ ಎಲ್ಲರ ಕೈಗೂ ಪೇಸ್ಟಲ್ ಒಗ್ಗುವುದಿಲ್ಲ. ಮುಖ್ಯವಾಗಿ ಗಂಡಸರಿಗೆ. "ನನಗೆ ಡ್ರಾಯಿಂಗ್ ಬರಲ್ಲ ಮೇಡಂ" ಅನ್ನುವುದರ ಹಿಂದೆ ನಾಲ್ಕನೇ ಕ್ಲಾಸಿನಲ್ಲಿ ಯಾರೋ ನಕ್ಕಿದ್ದು ಇರುತ್ತದೆ. ಅಂಥವರನ್ನು ಬಲವಂತ ಮಾಡುವುದು ಬೇಡ. ಕುಡಿತ ಬಿಡಿಸುವ ಕೇಂದ್ರದ ಕೌನ್ಸೆಲರ್ ಹಾಗೆ ಕೈಕಟ್ಟಿ ಕೂತವರು. ಒಳ್ಳೆ ಕೆಲಸಗಾರ, ಆದರೆ ಒಂದು ಕೇಸ್ ಅವರನ್ನು ಸತಾಯಿಸುತ್ತಿತ್ತು. ಐವತ್ತು ದಾಟಿದ ಒಬ್ಬರು, ಬಿಟ್ಟು ಬಿಟ್ಟು ಮತ್ತೆ ಶುರು ಮಾಡುವವರು. "ಏನು ಹೇಳಿದ್ರೂ ಸರಿ ಸಾರ್, ಸರಿ ಸಾರ್ ಅಂತಾರೆ ಮೇಡಂ. ತಲೆಗೇ ಹೋಗಲ್ಲ."

ಈ ಕೌನ್ಸೆಲರ್ ಊರ ಜಾತ್ರೆಯಲ್ಲಿ ತಮಟೆ ಬಾರಿಸುತ್ತಿದ್ದವರು ಅಂತ ಗೊತ್ತಿತ್ತು. "ಆ ಮನುಷ್ಯ ಮಾತಾಡೋದನ್ನ ಟೇಬಲ್ ಮೇಲೆ ಬಾರಿಸಿ ತೋರಿಸಿ" ಅಂದೆ. ತಕ್ಷಣ ಕೈ ಬಿಚ್ಚಿತು. ಒಂದು ಪೆಟ್ಟು. ದೊಡ್ಡ ಬಿಡುವು. ಇನ್ನೊಂದು ಪೆಟ್ಟು, ಮೆತ್ತಗೆ. ಮತ್ತೆ ಬಿಡುವು. ಗುಂಪಿನವರು ಉಸಿರು ಬಿಗಿ ಹಿಡಿದು ಮುಂದಿನ ಪೆಟ್ಟಿಗೆ ಕಾಯುತ್ತಿದ್ದರು. "ಈಗ ನೀವು ಮಾತಾಡೋದು ಬಾರಿಸಿ." ಟಕಟಕಟಕ ಅಂತ ಶುರುವಾಯಿತು. "ಈಗ ಇಬ್ಬರದೂ ಒಟ್ಟಿಗೆ." ಪಕ್ಕದವರೊಬ್ಬರು ಕ್ಲೈಂಟಿನ ಪೆಟ್ಟು ಹಿಡಿದರು, ಇವರು ತಮ್ಮದು. ಎರಡು ಸುತ್ತು ಆಗುವಷ್ಟರಲ್ಲಿ ಎಲ್ಲರಿಗೂ ತಿಳಿಯಿತು. ಆ ಬಿಡುವು ಪೂರ್ತಿ ಆಗಲು ಇವರು ಒಮ್ಮೆಯೂ ಬಿಡುತ್ತಿರಲಿಲ್ಲ. ಇವರ ಟಕಟಕದ ನಡುವೆ ಆ ಮೆತ್ತನೆಯ ಎರಡನೇ ಪೆಟ್ಟು ಕೇಳಿಸುತ್ತಲೇ ಇರಲಿಲ್ಲ.

ಇದರಲ್ಲಿ ಇನ್ನೊಂದು ಮಜಾ ಇದೆ. ಅದಕ್ಕೂ ಮುಂಚೆ ನಾನು ಅವರಿಗೆ ಏನು ಕೇಳಿದರೂ, ನನ್ನ ಪ್ರಶ್ನೆ ಮುಗಿಯುವ ಮೊದಲೇ "ಹೌದು ಮೇಡಂ, ಅದೂ ಮಾಡಿದೀನಿ ಮೇಡಂ" ಅನ್ನುತ್ತಿದ್ದರು. ಕ್ಲೈಂಟ್ ಜೊತೆ ನಡೆದದ್ದೇ ಸೂಪರ್‌ವೈಸರ್ ಜೊತೆಯೂ ನಡೆಯುತ್ತಿತ್ತು. ಅಮೆರಿಕದ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಇದನ್ನು ಗುರುತಿಸಿ ಬರೆದರು. ಥೆರಪಿ ರೂಮಿನಲ್ಲಿ ಆದದ್ದು ಸೂಪರ್‌ವಿಷನ್ ರೂಮಿಗೂ ಹಿಂಬಾಲಿಸಿಕೊಂಡು ಬರುತ್ತದೆ, ಸೂಪರ್‌ವೈಸರ್‌ಗೆ ಆಗುವ ಕಿರಿಕಿರಿಯೂ ಒಂದು ಮಾಹಿತಿ ಅಂತ. ಈಗ ಇದಕ್ಕೆ ಪ್ಯಾರಲಲ್ ಪ್ರೊಸೆಸ್ ಅನ್ನುತ್ತಾರೆ. ಪುಸ್ತಕದಲ್ಲಿ ಇದನ್ನು ಅರ್ಥ ಮಾಡಿಸಲು ನಾಲ್ಕು ಪುಟ ಬೇಕು. ಟೇಬಲ್ ಮೇಲೆ ನಾಲ್ಕು ನಿಮಿಷ. ನಮ್ಮ ತಮಟೆ ಮೇಷ್ಟ್ರು, ನಾವೆಲ್ಲ ಆ ಕೌನ್ಸೆಲರನ್ನು ಮೇಷ್ಟ್ರು ಅಂತಲೇ ಕರೆಯುವುದು, ಈಗ ಸೆಷನ್ನಿನಲ್ಲಿ ಟೇಬಲ್ ಕೆಳಗೆ ಬೆರಳಿನಲ್ಲಿ ತಾಳ ಹಾಕಿಕೊಂಡು ಕಾಯುತ್ತಾರಂತೆ. ಕ್ಲೈಂಟ್ ಕುಡಿತ ಬಿಟ್ಟರಾ ಅಂತ ಕೇಳಬೇಡಿ. ಒಂದು ಸಲ ಜಾರಿದರು. ಆದರೆ ಜಾರಿದ ಮೇಲೆ ತಾವೇ ಫೋನ್ ಮಾಡಿ ಹೇಳಿದರು. ಆ ಕೇಂದ್ರದಲ್ಲಿ ಅದು ಸಣ್ಣ ವಿಷಯ ಅಲ್ಲ.

ಶಾಲೆಯ ಕೌನ್ಸೆಲರ್‌ಗಳಿಗೆ ನಾನು ಜಾಸ್ತಿ ಕೊಡುವುದು ಆರು ಚೌಕದ ಕತೆ. ಇಸ್ರೇಲಿನ ಗಡಿ ಊರು ಕಿರ್ಯಾತ್ ಶ್ಮೋನಾದಲ್ಲಿ ಕೆಲಸ ಮಾಡಿದ ಮೂಲಿ ಲಹಾದ್ ಅವರ ಪದ್ಧತಿ ಇದು. ಹಾಳೆಯನ್ನು ಆರು ಭಾಗ ಮಾಡಬೇಕು. ಒಬ್ಬ ನಾಯಕ ಅಥವಾ ನಾಯಕಿ, ಅವರು ಮಾಡಬೇಕಾದ ಕೆಲಸ, ನೆರವಿಗೆ ಬರುವವರು, ಅಡ್ಡ ಬರುವುದು, ಅದನ್ನು ಎದುರಿಸುವ ಬಗೆ, ಆಮೇಲೆ ಏನಾಯಿತು. ಕೇಸ್ ಬಗ್ಗೆ ಬರೆಯಬೇಕಿಲ್ಲ, ಯಾವ ಕತೆ ಆದರೂ ಸರಿ. ಒಬ್ಬರ ಕತೆಯಲ್ಲಿ ನಾಯಕಿ ಒಬ್ಬ ಆಟೋ ಡ್ರೈವರ್, ಮಳೆಯಲ್ಲಿ ಎಲ್ಲರ ಮಕ್ಕಳನ್ನೂ ಮನೆ ಮುಟ್ಟಿಸಬೇಕು. ನೆರವಿನ ಚೌಕ ಖಾಲಿ. "ಏನೂ ಹೊಳೀಲಿಲ್ಲ" ಅಂದರು. ಇಡೀ ಶಾಲೆಗೆ ಅವರೊಬ್ಬರೇ ಕೌನ್ಸೆಲರ್, ರಜೆ ಹಾಕಿದರೆ ಬದಲಿಗೆ ಯಾರೂ ಇಲ್ಲ ಅನ್ನುವುದು ಆ ದಿನದ ಚರ್ಚೆ ಆಯಿತು. ಮಕ್ಕಳ ಕೇಸಿನ ಮಾತೇ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಕೆಲವೊಮ್ಮೆ ಏನನ್ನೂ ಕೇಳದಿರುವುದೇ ಸೂಪರ್‌ವಿಷನ್. ಹೆಂಗಸರ ಕೇಂದ್ರದಲ್ಲಿ ಕೆಲಸ ಮಾಡುವವರು ಕೆಲವು ತಿಂಗಳು ಬಂದು ಸುಮ್ಮನೆ ಕೂರುತ್ತಾರೆ. ಅವರು ಕೇಳಿಸಿಕೊಂಡು ಬಂದ ಏಟುಗಳ ಲೆಕ್ಕ ಅವರಿಗೇ ಗೊತ್ತು. ಅವರಿಗೆ ಮಣ್ಣು ಕೊಡುತ್ತೇನೆ. ಕುಂಬಾರಗೇರಿಯಲ್ಲಿ ಗಣಪತಿ ಮಾಡುವವರ ಹತ್ತಿರ ತಂದ ಮಣ್ಣು, ಅಂಗಡಿಯ ಬಣ್ಣದ ಕ್ಲೇ ಅಲ್ಲ. ಅದು ತಣ್ಣಗಿರುತ್ತದೆ, ಭಾರ ಇರುತ್ತದೆ, ಒತ್ತಿದರೆ ಎದುರು ಒತ್ತುತ್ತದೆ. ಅವರು ಏನೂ ಮಾಡುವುದಿಲ್ಲ ಅದರಲ್ಲಿ. ನಾದುತ್ತಾರೆ, ಗುದ್ದುತ್ತಾರೆ, ಮತ್ತೆ ಉಂಡೆ ಕಟ್ಟುತ್ತಾರೆ. ಉಳಿದವರು ಕೇಸ್ ಮಾತಾಡುತ್ತಿರುತ್ತೇವೆ. ನಡುವೆ ಅವರೂ ಒಂದು ಮಾತು ಸೇರಿಸುತ್ತಾರೆ. ಹೋಗುವಾಗ ಕೈ ತೊಳೆದು "ಬರ್ತೀನಿ ಅಕ್ಕ" ಅನ್ನುತ್ತಾರೆ. ಗುಂಪಿನಲ್ಲಿ ನನ್ನನ್ನು ಮೇಡಂ ಅನ್ನದವರು ಅವರೊಬ್ಬರೇ.

ಇಷ್ಟೆಲ್ಲ ಹೇಳಿದ ಮೇಲೆ, ಯಾವಾಗ ಡಬ್ಬಿ ತೆಗೆಯಬಾರದು ಅನ್ನುವುದನ್ನೂ ಹೇಳಬೇಕು. ಕ್ಲೈಂಟ್ ಸಾಯುವ ಮಾತಾಡಿದ್ದಾರೆ ಅಂತ ಕೌನ್ಸೆಲರ್ ಹೇಳಿದರೆ ಅಲ್ಲಿ ಬೊಂಬೆ ಇಲ್ಲ, ಬಣ್ಣ ಇಲ್ಲ. ನೇರ ಪ್ರಶ್ನೆ. ಯೋಜನೆ ಇದೆಯಾ? ಕೈಗೆ ಸಿಗುವ ಹಾಗೆ ಏನಿದೆ, ಮನೆಯಲ್ಲಿ ಕ್ರಿಮಿನಾಶಕ ಇಟ್ಟಿದ್ದಾರಾ, ಮಾತ್ರೆ ಇದೆಯಾ? ಹಿಂದೆ ಪ್ರಯತ್ನಿಸಿದ್ದಾರಾ? ಇವತ್ತು ರಾತ್ರಿ ಜೊತೆಯಲ್ಲಿ ಯಾರಿರುತ್ತಾರೆ? ಮನೋವೈದ್ಯರಿಗೆ ತೋರಿಸಿದ್ದೀರಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿದ್ದೀರಾ? 2022ರ ಅಕ್ಟೋಬರ್‌ನಿಂದ ಆ ಸೇವೆ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇದೆಲ್ಲ ಆಗಿ, ಫೋನ್ ಮಾಡುವುದಿದ್ದರೆ ಅದನ್ನೂ ಮಾಡಿ ಮುಗಿಸಿದ ಮೇಲೆ, ಕೌನ್ಸೆಲರ್ ಕೈ ನಡುಗುತ್ತಿದ್ದರೆ ಆಗ ಮಣ್ಣು ಕೊಡಬಹುದು. ಈ ಕ್ರಮ ಹಿಂದು ಮುಂದು ಆಗಬಾರದು.

ಇನ್ನೊಂದು, ನನ್ನ ಕೈಯಲ್ಲಿ ಇರುವ ಅಧಿಕಾರ. ತರಬೇತಿಯಲ್ಲಿ ಇರುವವರ ಗಂಟೆ ಲೆಕ್ಕಕ್ಕೆ ಸಹಿ ಹಾಕುವವಳು ನಾನು. "ಇಷ್ಟ ಇದ್ರೆ ಬರೀರಿ" ಅಂತ ನಾನು ಹೇಳಿದರೆ ಅವರ ಕಿವಿಗೆ ಅದು "ಬರೀಲೇಬೇಕು" ಅಂತ ಕೇಳಿಸಬಹುದು. ಹಾಗಾಗಿ ಬೇಡ ಅನ್ನುವವರ ಹತ್ತಿರ ಕಾರಣ ಕೇಳುವುದಿಲ್ಲ. ಚಿತ್ರ ಚೆನ್ನಾಗಿದೆ ಅನ್ನುವುದೂ ಇಲ್ಲ. ಒಮ್ಮೆ ಚೆನ್ನಾಗಿದೆ ಅಂದರೆ ಮುಂದಿನ ಸಲ ಎಲ್ಲರೂ ಚೆನ್ನಾಗಿ ಬರೆಯಲು ಹೊರಡುತ್ತಾರೆ, ಅಲ್ಲಿಗೆ ಕತೆ ಮುಗೀತು. ಕ್ಲೈಂಟ್ ಬಗ್ಗೆ ಬರೆಯಲು ಹೊರಟು ತಮ್ಮದೇ ಹಳೆ ನೋವು ಹೊರಗೆ ಬಂದವರೂ ಇದ್ದಾರೆ. ಅಳುತ್ತಾರೆ. ನೀರು ಕೊಡುತ್ತೇವೆ, ಕಾಯುತ್ತೇವೆ. ಆದರೆ ನಾನು ಅದನ್ನು ಕೆದಕುವುದಿಲ್ಲ. "ಈ ಹಾಳೆ ನಿಮ್ಮ ಥೆರಪಿಸ್ಟ್ ಹತ್ರ ತಗೊಂಡು ಹೋಗಿ. ಇಲ್ಲಿ ನಾವು ಒಂದೇ ಪ್ರಶ್ನೆ ನೋಡೋಣ, ಇದು ಆ ಕ್ಲೈಂಟ್ ಜೊತೆಗಿನ ನಿಮ್ಮ ಕೆಲಸಕ್ಕೆ ಹೇಗೆ ಅಡ್ಡ ಬರ್ತಿದೆ?" ಅನ್ನುತ್ತೇನೆ. ಸೂಪರ್‌ವೈಸರ್ ಆಗಿ ಮಾರ್ಕ್ಸ್ ಕೊಡುವವಳೇ ಥೆರಪಿಸ್ಟ್ ಕೂಡ ಆಗಿ ಕೂತರೆ ಅದು ಅನ್ಯಾಯ.

ಹಾಳೆ ಬರೆದವರ ಆಸ್ತಿ. ಮನೆಗೆ ಒಯ್ಯಬಹುದು, ಹರಿದು ಹಾಕಬಹುದು. ಹಿಂದೆ ಕ್ಲೈಂಟ್ ಹೆಸರು ಬರೆಯುವಂತಿಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕುವಂತಿಲ್ಲ, ಎಷ್ಟೇ ಮುದ್ದಾಗಿದ್ದರೂ. ಇದನ್ನು ಪ್ರತಿ ಸಲ ಹೇಳಬೇಕು, ಯಾಕೆಂದರೆ ಈಗಿನವರ ಕೈ ಫೋನಿಗೆ ಹೋಗುವ ವೇಗ ನಿಮಗೂ ಗೊತ್ತು.

ಒಂದು ವಿಷಯ ಮಾತ್ರ ಖಾರವಾಗಿಯೇ ಹೇಳುತ್ತೇನೆ. ಶನಿವಾರ ಭಾನುವಾರ ಎರಡು ದಿನದ ವರ್ಕ್‌ಶಾಪ್ ಮಾಡಿ "ಆರ್ಟ್ ಥೆರಪಿಸ್ಟ್" ಅಂತ ಸರ್ಟಿಫಿಕೇಟ್ ಕೊಡುವವರು ಹೆಚ್ಚಾಗುತ್ತಿದ್ದಾರೆ. ಅಂಥದ್ದೊಂದು ಸರ್ಟಿಫಿಕೇಟ್ ಫ್ರೇಮ್ ಹಾಕಿಸಿಕೊಂಡ ಹುಡುಗಿ ನನ್ನ ಹತ್ತಿರ ಬಂದು, ದೌರ್ಜನ್ಯಕ್ಕೆ ಒಳಗಾದ ಮಗುವಿನ ಕೈಯಲ್ಲಿ ಆ ಘಟನೆಯ ಚಿತ್ರ ಬರೆಸಲಾ ಅಂತ ಕೇಳಿದಳು. ಬೇಡ. ಅದಕ್ಕೆ ತರಬೇತಿ ಇರುವವರಿದ್ದಾರೆ, ಕಾನೂನಿನ ದಾರಿ ಇದೆ, ಮೊದಲು ಆ ಮಗು ಸುರಕ್ಷಿತವಾಗಿ ಇದೆಯಾ ಅನ್ನುವ ಪ್ರಶ್ನೆ ಇದೆ. ಕೌನ್ಸೆಲರ್‌ಗಳ ಗುಂಪಿನಲ್ಲಿ ಬೊಂಬೆ ಇಡಿಸಲು ನನಗೆ ಸೂಪರ್‌ವಿಷನ್ ಅನುಭವ ಸಾಕು. ನೊಂದ ಮಗುವಿನ ಮುಂದೆ ಕ್ರೇಯಾನ್ ಇಡಲು ಅದು ಸಾಲದು. ಎರಡೂ ಒಂದೇ ಅಂದುಕೊಂಡವರಿಗೆ ನಾನು ಡಬ್ಬಿ ಎರವಲು ಕೊಡುವುದಿಲ್ಲ.

ಆನ್‌ಲೈನ್‌ನಲ್ಲಿ ಇದೆಲ್ಲ ಆಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಆಗುತ್ತದೆ, ಆದರೆ ಝೂಮ್ ವೈಟ್‌ಬೋರ್ಡ್ ನನಗೆ ಸೇರುವುದಿಲ್ಲ. ಮೌಸ್ ಹಿಡಿದು ಎಳೆದ ಗೆರೆಯಲ್ಲಿ ಕೈಯ ಭಾರ ಎಲ್ಲಿರುತ್ತದೆ? ಅದರ ಬದಲು ಅವರವರ ಮನೆಯಲ್ಲಿ ಇರುವುದನ್ನೇ ತರಲು ಹೇಳುತ್ತೇನೆ. ಕಲಬುರಗಿ ಕಡೆಯಿಂದ ಸೇರುವ ಒಬ್ಬರು ಅಡುಗೆಮನೆಯಿಂದ ಒಗ್ಗರಣೆ ಡಬ್ಬಿ ತಂದರು. ಊಟದ ತಟ್ಟೆ ಮೇಲೆ ಕೇಸ್ ಇಟ್ಟರು. ಕ್ಲೈಂಟಿನ ಗಂಡನ ಕಡೆಯವರೆಲ್ಲ ಸಾಸಿವೆ, ಒಂದು ಹಿಡಿ. ಕ್ಲೈಂಟ್ ಒಂದು ಒಣಮೆಣಸಿನಕಾಯಿ. ತಾನು ಲವಂಗ. ಲವಂಗವನ್ನು ಮೊದಲು ಮೆಣಸಿನಕಾಯಿಗೆ ಅಂಟಿಸಿಯೇ ಇಟ್ಟರು. ಆಮೇಲೆ ಕ್ಯಾಮೆರಾಗೆ ತಟ್ಟೆ ಓರೆ ಮಾಡಿ ತೋರಿಸಲು ಹೋಗಿ ಸಾಸಿವೆ ಎಲ್ಲ ಉರುಳಿ ಮೆಣಸಿನಕಾಯಿಯನ್ನೂ ಲವಂಗವನ್ನೂ ಮುಚ್ಚಿಬಿಟ್ಟಿತು. "ನೋಡ್ರಿ ಮೇಡಂ, ಹಿಂಗೇ ಆಗೇದ" ಅಂದರು, ನಗುತ್ತಲೇ. ಆ ಮನೆಯವರ ಗಲಾಟೆಯಲ್ಲಿ ಕ್ಲೈಂಟ್ ಜೊತೆ ತಾವೂ ಮುಳುಗಿದ್ದೀವಿ, ದಡದಲ್ಲಿ ಯಾರೂ ಇಲ್ಲ ಅನ್ನುವುದು ಆಮೇಲಿನ ಅರ್ಧ ಗಂಟೆಯ ಮಾತು. ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಯನ್ನು ಇನ್ನೂ ಕಂಡಿಲ್ಲ ಅನ್ನುವುದೂ ಆಗಲೇ ಹೊರಬಂತು. ಅವರನ್ನು ಕಾಣುವ ದಿನ ಅಲ್ಲೇ ಗೊತ್ತು ಮಾಡಿದೆವು.

ಅಷ್ಟರಲ್ಲಿ ಅವರ ಅತ್ತೆ ಹಿಂದಿನಿಂದ ಬಂದು "ಉಣ್ಣೋ ತಾಟಿನ್ಯಾಗ ಏನ್ ಆಟ ನಡಿಸೀಯವ್ವಾ?" ಅಂದಿದ್ದು ನಮಗೆಲ್ಲ ಕೇಳಿಸಿತು. ಕೇಸ್ ಮಾತು ಅಲ್ಲಿಗೇ ನಿಲ್ಲಿಸಿದೆವು. ಈಗ ಆ ಗುಂಪಿನ ಸಮಯ ಬದಲಾಯಿಸಿದ್ದೇವೆ, ಅತ್ತೆ ಗುಡಿಗೆ ಹೋಗುವ ಹೊತ್ತಿಗೆ. ಬಾಗಿಲು ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮಾತ್ರ ಶುರು.